ಔಷಧತ್ಯಾಗಕ್ರಮವೂ ವಾಗ್ಭಟನ ಪಾದವಿಧಿಯೂ

ದೀರ್ಘರೋಗಿಗಳು ಬಹುಕಾಲದಿಂದ ಸೇವಿಸುತ್ತ ಬಂದ ಔಷಧಗಳಲ್ಲಿ ಅನಾವಶ್ಯಕವಾದುವನ್ನು ಪರೀಕ್ಷಿಸಿ ಬಿಡಿಸುವ ಕ್ರಮಕ್ಕೆ ಆಧುನಿಕ ವೈದ್ಯರು ಪ್ರತ್ಯೇಕವಾದ ಹೆಸರನ್ನೇ ಇಟ್ಟಿದ್ದಾರೆ. ಅದು 2003ರಲ್ಲಿ ಆಸ್ಟ್ರೇಲಿಯದ ವೈದ್ಯ ಮೈಕೇಲ್ ವುಡ್‌ವರ್ಡರ ಲೇಖನದಲ್ಲಿ ಬಳಕೆಗೊಂಡಿತು. ಇದನ್ನು ಕೇಳಿದೊಡನೆ ‘ನಮ್ಮಲ್ಲಿ ಇದು ಮೊದಲೇ ಇದ್ದಿತು’ ಎನ್ನುವುದು ಸುಲಭ. ಎಷ್ಟರಮಟ್ಟಿಗೆ ಇದ್ದಿತೆಂಬುದನ್ನು ಗ್ರಂಥಮುಖದಿಂದ ವಿಚಾರಿಸುವುದು ಯುಕ್ತವಾಗಿದೆ.

ಅಷ್ಟಾಂಗಹೃದಯದ ಸೂತ್ರಸ್ಥಾನದಲ್ಲಿ, ಅನ್ನರಕ್ಷೆಯನ್ನು ಹೇಳುವ ಏಳನೆಯ ಅಧ್ಯಾಯದಲ್ಲಿ, ವಾಗ್ಭಟನು ಅಭ್ಯಾಸದಿಂದ ಒಗ್ಗಿಹೋದ ಅಪಥ್ಯವನ್ನು ಪಾದಪಾದವಾಗಿಯಾಗಲಿ, ಪಾದದ ಪಾದ, ಎಂದರೆ ನಮ್ಮ ಹಳೆಯ ಲೆಕ್ಕದ ವೀಸದಷ್ಟಾಗಿಯಾಗಲಿ ಬಿಡಬೇಕೆಂದು ವಿಧಿಸುತ್ತಾನೆ. ಪಥ್ಯವನ್ನೂ ಹಾಗೆಯೇ, ಒಂದು ಎರಡು ಮೂರರ ಅಂತರವಿಟ್ಟು, ರೂಢಿಮಾಡಿಕೊಳ್ಳಬೇಕು. ಹಠಾತ್ತಾಗಿ ಬಿಟ್ಟರೆ ಅಪಥ್ಯದ ತ್ಯಾಗವೂ ವಿಕಾರಕ್ಕೆ ಕಾರಣವಾಗುವುದೆಂಬುದು ಅವನ ಅಭಿಪ್ರಾಯ. ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ ಬರುವ ಪಾದಾಂಶಿಕಕ್ರಮವು ಇದರ ಪೂರ್ವರೂಪವಾಗಿದೆ.

ಆದರೆ ಇಲ್ಲಿ ಬಿಡಬೇಕೆಂದಿರುವುದು ಅಪಥ್ಯವನ್ನೇ ಹೊರತು ಔಷಧವನ್ನಲ್ಲ. ಔಷಧಕ್ಕೆ ನೇರವಾಗಿ ಸಲ್ಲುವ ಮಾತು ಅದೇ ಸ್ಥಾನದ ಹದಿಮೂರನೆಯ ಅಧ್ಯಾಯದಲ್ಲಿದೆ: ಒಂದು ವ್ಯಾಧಿಯನ್ನು ಶಮನಗೊಳಿಸಿ ಮತ್ತೊಂದನ್ನು ಎಬ್ಬಿಸುವ ಪ್ರಯೋಗವು ಶುದ್ಧವಲ್ಲವೆಂದು. ಆಮ್ಲೋಡಿಪಿನ್ ಎಂಬ ರಕ್ತದೊತ್ತಡದ ಗುಳಿಗೆಯಿಂದ ಕೆಲವರಿಗೆ ಕಾಲು ಬಾಯುವುದುಂಟು. ಆ ಬಾವನ್ನು ಹೊಸ ರೋಗವೆಂದೆಣಿಸಿ ಮೂತ್ರ ಹೆಚ್ಚಿಸುವ ಮತ್ತೊಂದು ಗುಳಿಗೆಯನ್ನು ಕೊಡುವುದೂ ಉಂಟು. ವಾಗ್ಭಟನ ಲಕ್ಷಣಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ದೊರೆಯಲಾರದು.

ಸು. 1150ರ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕವೂ ಮದ್ಯಮಾಂಸಗಳನ್ನು ಚಿಕಿತ್ಸೆಯಿಂದ ದೂರವಿಟ್ಟಿತು. ಅದು ಅಹಿಂಸಾಧರ್ಮಕ್ಕಾಗಿ ಮಾಡಿದ ತ್ಯಾಗ. ರೋಗಿಗೆ ಮದ್ದು ಹೆಚ್ಚಾಯಿತೆಂದು ಮಾಡಿದುದಲ್ಲ. ತರಗತಿಗಳಲ್ಲಿ ಇವೆರಡನ್ನೂ ಒಂದಾಗಿಸಿ ಹೇಳುವುದು ನಮಗೆ ಸಮ್ಮತವಲ್ಲ.

ಈ ಭೇದವು ಕೇವಲ ಶಬ್ದವಿಚಾರದ್ದಲ್ಲ. ನಮ್ಮ ರಬಕವಿಯಂಥ ನೇಕಾರರ ಊರಿನಲ್ಲಿಯೂ ಬಿಪಿಯ ಗುಳಿಗೆ, ಸಕ್ಕರೆಯ ಗುಳಿಗೆಗಳನ್ನು ವರ್ಷಗಟ್ಟಲೆ ನುಂಗುತ್ತಿರುವ ಹಿರಿಯರಿದ್ದಾರೆ. ‘ಶಾಸ್ತ್ರವೇ ಬಿಡೆಂದಿದೆ’ ಎಂಬ ಅರೆಮಾತು ಅವರ ಕಿವಿಗೆ ಬಿದ್ದರೆ ಅನರ್ಥವಾದೀತು. ಮೆಟೊಪ್ರೊಲಾಲ್ ವರ್ಗದ ಗುಳಿಗೆಯನ್ನು ಒಮ್ಮೆಲೆ ನಿಲ್ಲಿಸಿದರೆ ಹೃದ್ರೋಗಿಗೆ ಎದೆನೋವು ಉಲ್ಬಣಿಸಬಹುದು. ಬಹುದಿನ ಸೇವಿಸಿದ ಸ್ಟಿರಾಯ್ಡನ್ನು ಥಟ್ಟನೆ ಬಿಟ್ಟರೆ ಪ್ರಾಣಕ್ಕೇ ಸಂಚಕಾರ. ವೀಸದ ಲೆಕ್ಕವೂ ಎಲ್ಲಕ್ಕೂ ಒಂದೇ ಆಗದು. ಯಾವುದನ್ನು ಬಿಡಬಹುದು, ಎಷ್ಟು ವಾರಗಳಲ್ಲಿ ಇಳಿಸಬೇಕು ಎಂಬುದನ್ನು ರೋಗಿಯ ವಯಸ್ಸು, ಮೂತ್ರಪಿಂಡದ ಬಲ, ಉಳಿದ ಔಷಧಗಳು ಇವನ್ನೆಲ್ಲ ನೋಡಿ ವೈದ್ಯನೇ ನಿರ್ಣಯಿಸತಕ್ಕದ್ದು. ಆದುದರಿಂದ ವಾಗ್ಭಟನನ್ನು ಕನ್ನಡಿಸುವವರು ಆ ಸ್ಥಳದಲ್ಲಿ ‘ಅಪಥ್ಯ’ವೆಂಬ ಶಬ್ದವನ್ನು ಹಾಗೆಯೇ ಉಳಿಸಿಕೊಳ್ಳಬೇಕೆಂದು ನಮ್ಮ ಪ್ರಾರ್ಥನೆ.