ಹ್ಯಾಕ್ನಿ ಡೈಮಂಡ್ಸ್ ಆಲ್ಬಮ್‌ಗೆ ದೊರೆತ ವಿಮರ್ಶೆ

ಹ್ಯಾಕ್ನಿ ಡೈಮಂಡ್ಸ್ ಇಂಗ್ಲೆಂಡಿನ ಪ್ರಸಿದ್ಧ ರಾಕ್ ಸಂಗೀತ ತಂಡವಾದ ದಿ ರೋಲಿಂಗ್ ಸ್ಟೋನ್ಸ್ 2023ರ ಅಕ್ಟೋಬರ್ 20ರಂದು ಬಿಡುಗಡೆ ಮಾಡಿದ ಆಲ್ಬಮ್. 1962ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಈ ತಂಡ, 2005ರ ಎ ಬಿಗ್ಗರ್ ಬ್ಯಾಂಗ್ ನಂತರ ಹದಿನೆಂಟು ವರ್ಷಗಳ ಕಾಲ ಸ್ವಂತ ರಚನೆಗಳ ಆಲ್ಬಮ್ಮನ್ನು ಹೊರತಂದಿರಲಿಲ್ಲ. ನಡುವೆ ಬಂದ ಬ್ಲೂ ಅಂಡ್ ಲೋನ್‌ಸಮ್ (2016) ಹಳೆಯ ಬ್ಲೂಸ್ ಗೀತೆಗಳ ಮರುಗಾಯನವಾಗಿತ್ತು. ಹೊಸ ಆಲ್ಬಮ್ ಹೊರಬಂದಾಗ ಗಾಯಕ ಮಿಕ್ ಜ್ಯಾಗರ್ ಅವರಿಗೆ 80 ವರ್ಷ, ಗಿಟಾರ್ ವಾದಕರಾದ ಕೀತ್ ರಿಚರ್ಡ್ಸ್ ಅವರಿಗೆ 79 ಮತ್ತು ರಾನಿ ವುಡ್ ಅವರಿಗೆ 76. ವಿಮರ್ಶಕರಲ್ಲಿ ಹೆಚ್ಚಿನವರು ಇದನ್ನು ಮೆಚ್ಚಿದರು. ಆದರೆ ಇದರ ಧ್ವನಿಮುದ್ರಣದ ರೀತಿಯ ಬಗ್ಗೆ ತೀವ್ರ ಭಿನ್ನಾಭಿಪ್ರಾಯ ಉಂಟಾಯಿತು.

ಹಿನ್ನೆಲೆ

ಒಡೆದ ಗಾಜಿನ ಚೂರುಗಳಿಗೆ ಲಂಡನ್ನಿನ ಆಡುಮಾತಿನಲ್ಲಿ ‘ಹ್ಯಾಕ್ನಿಯ ವಜ್ರಗಳು’ ಎನ್ನುವುದುಂಟು. ಹ್ಯಾಕ್ನಿ ಆ ನಗರದ ಪೂರ್ವಭಾಗದ ಒಂದು ಬಡಾವಣೆ. 1963ರಿಂದ ತಂಡದ ಡ್ರಮ್ ವಾದಕರಾಗಿದ್ದ ಚಾರ್ಲಿ ವಾಟ್ಸ್ 2021ರ ಆಗಸ್ಟ್‌ನಲ್ಲಿ ನಿಧನರಾದರು. ಅವರು ಮೊದಲೇ ನುಡಿಸಿಟ್ಟಿದ್ದ ಎರಡು ಗೀತೆಗಳು ಈ ಆಲ್ಬಮ್‌ನಲ್ಲಿವೆ. ಉಳಿದವುಗಳಲ್ಲಿ ಹೆಚ್ಚಿನವಕ್ಕೆ ಸ್ಟೀವ್ ಜೋರ್ಡನ್ ಡ್ರಮ್ ನುಡಿಸಿದರು. ನಿರ್ಮಾಣದ ಹೊಣೆಯನ್ನು ಆಂಡ್ರೂ ವಾಟ್ ಅವರಿಗೆ ವಹಿಸಲಾಯಿತು. 1990ರಲ್ಲಿ ಜನಿಸಿದ ಅವರು ಜಸ್ಟಿನ್ ಬೀಬರ್‌ರಂತಹ ಪಾಪ್ ಗಾಯಕರೊಂದಿಗೂ ಆಜಿ ಆಸ್ಬರ್ನ್‌ರಂತಹ ಹಿರಿಯರೊಂದಿಗೂ ಕೆಲಸ ಮಾಡಿದ್ದವರು. ಪಾಲ್ ಮೆಕಾರ್ಟ್ನಿ, ಎಲ್ಟನ್ ಜಾನ್, ಸ್ಟೀವಿ ವಂಡರ್, ಲೇಡಿ ಗಾಗಾ ಮತ್ತು ತಂಡದ ಹಳೆಯ ಸದಸ್ಯ ಬಿಲ್ ವೈಮನ್ ಅತಿಥಿ ಕಲಾವಿದರಾಗಿ ಪಾಲ್ಗೊಂಡರು.

ವಿಮರ್ಶಕರ ಅಭಿಪ್ರಾಯ

ರೋಲಿಂಗ್ ಸ್ಟೋನ್ಸ್‌ನ ಯಾವುದೇ ಹೊಸ ಆಲ್ಬಮ್ ಬಂದರೂ ಅದನ್ನು 1978ರ ಸಮ್ ಗರ್ಲ್ಸ್ ಅಥವಾ 1981ರ ಟ್ಯಾಟೂ ಯೂ ಜೊತೆ ತೂಗಿ, ‘ಅದಾದ ಮೇಲೆ ಇದೇ ಉತ್ತಮ’ ಎನ್ನುವುದು ಪತ್ರಿಕೆಗಳ ಹಳೆಯ ವಾಡಿಕೆ. ಈ ಬಾರಿಯೂ ಅದು ತಪ್ಪಲಿಲ್ಲ. ಇಂತಹ ಹೊಗಳಿಕೆಯಲ್ಲಿ ಸಂಗೀತಕ್ಕೆ ಸಂದದ್ದೆಷ್ಟು, ವಯಸ್ಸಿಗೆ ಸಂದದ್ದೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ಅಮೆರಿಕದ ರೋಲಿಂಗ್ ಸ್ಟೋನ್ ಪತ್ರಿಕೆ (ಹೆಸರಿನ ಹೋಲಿಕೆಯಿದ್ದರೂ ಇದು ತಂಡಕ್ಕೆ ಸೇರಿದ್ದಲ್ಲ) ಆಲ್ಬಮ್ಮನ್ನು ಮನಸಾರೆ ಸ್ವಾಗತಿಸಿತು. ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆಯಲ್ಲಿ ಅಲೆಕ್ಸಿಸ್ ಪೆಟ್ರಿಡಿಸ್ ಬರೆದ ವಿಮರ್ಶೆಯೂ ಮೆಚ್ಚುಗೆಯದೇ. ಇದಕ್ಕೆ ವಿರುದ್ಧವಾಗಿ ಪಿಚ್‌ಫೋರ್ಕ್‌ನ ವಿಮರ್ಶೆ ಕಟುವಾಗಿತ್ತು.

ಆಕ್ಷೇಪಗಳು ಮುಖ್ಯವಾಗಿ ನಿರ್ಮಾಪಕರತ್ತ ತಿರುಗಿದವು. ವಾಟ್ ಮೂರು ಗೀತೆಗಳಿಗೆ ಸಹರಚನಕಾರರೂ ಆಗಿದ್ದಾರೆ. ಮುದ್ರಣ ಅತಿಯಾಗಿ ನಯವಾಗಿದೆ, ಎಂಬತ್ತರ ಕಂಠವನ್ನು ಇಂದಿನ ರೇಡಿಯೊಗೆ ಹೊಂದುವಂತೆ ಉಜ್ಜಿ ಹೊಳಪು ಕೊಡಲಾಗಿದೆ, ತಂಡದ ಗುರುತೇ ಆಗಿದ್ದ ಒರಟುತನ ಮಾಯವಾಗಿದೆ ಎಂಬುದು ದೂರು. ‘ಆಂಗ್ರಿ’ ಮುಂತಾದ ಗೀತೆಗಳ ಸಾಹಿತ್ಯ ಸಾಮಾನ್ಯವೆಂಬ ಮಾತೂ ಬಂತು. ಮೆಚ್ಚಿದವರಿಗೆ ಇದೇ ಬಿಗಿ ಗುಣವಾಗಿ ಕಂಡಿತು: ಹದಿನೆಂಟು ವರ್ಷ ಮುಗಿಯದ ಕೆಲಸವನ್ನು ಮುಗಿಸಲು ಹೊರಗಿನವರೊಬ್ಬರ ಶಿಸ್ತು ಬೇಕಾಗಿತ್ತು ಎಂದು ಅವರು ವಾದಿಸಿದರು.

ಎರಡು ಗೀತೆಗಳ ವಿಷಯದಲ್ಲಿ ಮಾತ್ರ ಈ ಪಂಗಡಗಳು ಬಹುಮಟ್ಟಿಗೆ ಒಂದಾದವು. ಮೊದಲನೆಯದು ಲೇಡಿ ಗಾಗಾ ದನಿಗೂಡಿಸಿ, ಸ್ಟೀವಿ ವಂಡರ್ ಕೀಬೋರ್ಡ್ ನುಡಿಸಿರುವ, ಏಳು ನಿಮಿಷ ಮೀರುವ ‘ಸ್ವೀಟ್ ಸೌಂಡ್ಸ್ ಆಫ್ ಹೆವನ್’. ಅಮೆರಿಕದ ಕಪ್ಪುಜನರ ಚರ್ಚ್ ಗಾಯನದ ಛಾಯೆ ಇದರಲ್ಲಿದೆ. ಎರಡನೆಯದು ಕೊನೆಯ ಗೀತೆ ‘ರೋಲಿಂಗ್ ಸ್ಟೋನ್ ಬ್ಲೂಸ್’. ಅಮೆರಿಕದ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ 1950ರಲ್ಲಿ ಧ್ವನಿಮುದ್ರಿಸಿದ ಗೀತೆಯ ಮರುಗಾಯನ ಇದು; ತಂಡ ತನ್ನ ಹೆಸರನ್ನು ಪಡೆದದ್ದು ಇದರಿಂದಲೇ. ಇಲ್ಲಿರುವವರು ಜ್ಯಾಗರ್ ಮತ್ತು ರಿಚರ್ಡ್ಸ್ ಇಬ್ಬರೇ: ಕಂಠ, ಮೌತ್ ಆರ್ಗನ್, ಗಿಟಾರ್. 1961ರಲ್ಲಿ ಡಾರ್ಟ್‌ಫರ್ಡ್ ರೈಲು ನಿಲ್ದಾಣದಲ್ಲಿ ಭೇಟಿಯಾದಾಗ ಅವರನ್ನು ಹತ್ತಿರ ತಂದದ್ದು ಜ್ಯಾಗರ್ ಕೈಯಲ್ಲಿದ್ದ ಇಂತಹ ಗಾಯಕರ ರೆಕಾರ್ಡುಗಳೇ. ಆಲ್ಬಮ್‌ನಲ್ಲಿ ಹೊಳಪು ಅತಿ ಕಡಿಮೆಯಿರುವುದೂ ಈ ಗೀತೆಯಲ್ಲಿಯೇ.

ಮಾರಾಟ ಮತ್ತು ಪ್ರಶಸ್ತಿ

ಆಲ್ಬಮ್ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನವನ್ನೂ ಅಮೆರಿಕದ ಬಿಲ್‌ಬೋರ್ಡ್ 200 ಪಟ್ಟಿಯಲ್ಲಿ ಮೂರನೆಯ ಸ್ಥಾನವನ್ನೂ ಪಡೆಯಿತು. 2025ರ ಫೆಬ್ರವರಿಯಲ್ಲಿ ಅತ್ಯುತ್ತಮ ರಾಕ್ ಆಲ್ಬಮ್‌ಗಾಗಿ ಗ್ರ್ಯಾಮಿ ಪ್ರಶಸ್ತಿ ಬಂತು. 1995ರಲ್ಲಿ ಈ ವಿಭಾಗ ಮೊದಲ ಬಾರಿಗೆ ಆರಂಭವಾದಾಗ ಪ್ರಶಸ್ತಿ ಪಡೆದದ್ದೂ ಇದೇ ತಂಡದ ವೂಡೂ ಲೌಂಜ್.

ಕರ್ನಾಟಕದ ನಂಟು

ರೋಲಿಂಗ್ ಸ್ಟೋನ್ಸ್ ಭಾರತದಲ್ಲಿ ನೀಡಿದ ಮೊದಲ ಕಾರ್ಯಕ್ರಮ 2003ರ ಏಪ್ರಿಲ್ 4ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆಯಿತು. ಎರಡನೆಯದು ಏಪ್ರಿಲ್ 7ರಂದು ಮುಂಬಯಿಯಲ್ಲಿ. ಅಂದು ಡ್ರಮ್ ನುಡಿಸಿದವರು ಚಾರ್ಲಿ ವಾಟ್ಸ್. ಆ ಕಾರ್ಯಕ್ರಮವನ್ನು ಕೇಳಿದವರು ಅವರ ನುಡಿಸಾಣಿಕೆಯನ್ನು ಈ ಆಲ್ಬಮ್‌ನ ‘ಮೆಸ್ ಇಟ್ ಅಪ್’ ಮತ್ತು ‘ಲಿವ್ ಬೈ ದ ಸ್ವೋರ್ಡ್’ ಗೀತೆಗಳಲ್ಲಿ ಗುರುತಿಸಬಹುದು. ಎರಡನೆಯ ಗೀತೆಯಲ್ಲಿ, 1990ರ ದಶಕದ ಆರಂಭದಲ್ಲಿ ತಂಡವನ್ನು ತೊರೆದ ವೈಮನ್ ಕೂಡ ಬೇಸ್ ಗಿಟಾರ್ ನುಡಿಸಿದ್ದಾರೆ.