ಫಿನ್ಲೆಂಡಿನ ಅಧ್ಯಕ್ಷರು ಕೊಟ್ಟ ಮಾತು

ಎರಡು ಬಲಾಢ್ಯ ರಾಷ್ಟ್ರಗಳ ನಡುವೆ ಸಿಲುಕಿದ ಸಣ್ಣ ದೇಶವು ತನ್ನ ಉಳಿವಿಗಾಗಿ ಕೊಟ್ಟ ಮಾತಿಗೆ ತಪ್ಪಬಹುದೇ? ರಾಜನೀತಿಜ್ಞರು ಸುಲಭವಾಗಿ ಹೌದೆನ್ನುತ್ತಾರೆ. ಆದರೆ 1944ರಲ್ಲಿ ಫಿನ್ಲೆಂಡಿನಲ್ಲಿ ನಡೆದುದನ್ನು ಕೂಲಂಕಷವಾಗಿ ನೋಡಿದರೆ ಉತ್ತರ ಅಷ್ಟು ಸುಲಭವಾಗಿ ತೋರದು.

ಉತ್ತರ ಯೂರೋಪಿನ ಈ ದೇಶದ ಜನಸಂಖ್ಯೆ ಆಗ ನಲವತ್ತು ಲಕ್ಷವೂ ಇರಲಿಲ್ಲ. 1939ರ ನವೆಂಬರ್ 30ರಂದು ಸೋವಿಯತ್ ಒಕ್ಕೂಟವು ಅದರ ಮೇಲೆ ದಂಡೆತ್ತಿ ಬಂದು, 105 ದಿನಗಳ ಯುದ್ಧದ ಕೊನೆಗೆ ಕರೇಲಿಯ ಪ್ರಾಂತವನ್ನು ಕಸಿದುಕೊಂಡಿತು. ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಮನೆಮಠ ತೊರೆದರು. ಕಳೆದುಕೊಂಡುದನ್ನು ಮರಳಿ ಪಡೆಯಲೆಂದು ಫಿನ್ಲೆಂಡ್ 1941ರಲ್ಲಿ ಹಿಟ್ಲರನ ಜರ್ಮನಿಯೊಡನೆ ಸೇರಿ ಯುದ್ಧಕ್ಕಿಳಿಯಿತು. ಹಳೆಯ ಗಡಿಯನ್ನೂ ದಾಟಿ ಮುನ್ನಡೆಯಿತು. ಅದನ್ನು ಕೇವಲ ನಿರಪರಾಧಿಯೆಂದು ಚಿತ್ರಿಸುವವರು ಈ ಸಂಗತಿಯನ್ನು ಮರೆಯುತ್ತಾರೆ.

1944ರ ಜೂನ್ ತಿಂಗಳಲ್ಲಿ ಸೋವಿಯತ್ ಸೇನೆ ಪ್ರಚಂಡವಾಗಿ ಮುನ್ನುಗ್ಗಿತು. ವೀಪುರಿ ನಗರ ಬಿದ್ದಿತು. ಶಸ್ತ್ರಾಸ್ತ್ರ ದೊರೆಯುವ ಮೂಲ ಜರ್ಮನಿಯೊಂದೇ. ಅಲ್ಲಿನ ವಿದೇಶಾಂಗ ಮಂತ್ರಿ ರಿಬ್ಬೆನ್‌ಟ್ರಾಪ್ ಹೆಲ್ಸಿಂಕಿಗೆ ಬಂದು, ರಷ್ಯದೊಡನೆ ಪ್ರತ್ಯೇಕ ಸಂಧಿ ಮಾಡಿಕೊಳ್ಳುವುದಿಲ್ಲವೆಂಬ ವಚನವನ್ನು ಬೇಡಿದ. ಅಧ್ಯಕ್ಷ ರಿಸ್ತೊ ರ್ಯೂತಿ ಕಾನೂನು ಓದಿದವರು, ದೇಶದ ಕೇಂದ್ರ ಬ್ಯಾಂಕಿನ ಗವರ್ನರರಾಗಿದ್ದವರು. ಸಂಸತ್ತು ಒಪ್ಪಿದ ಒಡಂಬಡಿಕೆಯು ದೇಶವನ್ನೇ ಕಟ್ಟಿಹಾಕುತ್ತದೆಂದು ಅರಿತ ಅವರು ಸಂಸತ್ತಿನ ಮುಂದೆ ಹೋಗಲಿಲ್ಲ. ಜೂನ್ 26ರಂದು ಹಿಟ್ಲರನಿಗೆ ತಾವೇ ಪತ್ರ ಬರೆದು, ತಾವಾಗಲಿ ತಾವು ನೇಮಿಸುವ ಸರ್ಕಾರವಾಗಲಿ ಜರ್ಮನಿಯ ಸಮ್ಮತಿಯಿಲ್ಲದೆ ಸಂಧಿ ಮಾಡಿಕೊಳ್ಳುವುದಿಲ್ಲವೆಂದು ಮಾತು ಕೊಟ್ಟರು.

ಶಸ್ತ್ರಗಳು ಬಂದವು. ರಣರಂಗ ಸ್ಥಿರವಾಯಿತು. ಆಗಸ್ಟ್ 1ರಂದು ರ್ಯೂತಿ ರಾಜೀನಾಮೆ ಕೊಟ್ಟರು. ಅವರ ಸ್ಥಾನಕ್ಕೆ ಬಂದ ಸೇನಾಧಿಪತಿ ಮಾನರ್‌ಹೈಮ್, ಹಿಂದಿನವರ ವೈಯಕ್ತಿಕ ವಚನ ತಮ್ಮನ್ನು ಬಂಧಿಸದೆಂದು ಜರ್ಮನರಿಗೆ ತಿಳಿಸಿದರು. ಸೆಪ್ಟೆಂಬರ್ 19ರಂದು ಮಾಸ್ಕೋದಲ್ಲಿ ಕದನವಿರಾಮದ ಒಪ್ಪಂದಕ್ಕೆ ಸಹಿ ಬಿತ್ತು.

ಇದು ಸತ್ಯವೇ? ಪತ್ರದ ಒಂದಕ್ಷರವೂ ಸುಳ್ಳಲ್ಲ. ಆದರೆ ಕೇಳಿದವನು ನಂಬಿದ ಅರ್ಥ ಬೇರೆ, ಬರೆದವರ ಅಭಿಪ್ರಾಯ ಬೇರೆ. ಮೋಸ ಹೋದವನು ಹಿಟ್ಲರ್ ಎಂಬ ಕಾರಣಕ್ಕೆ ಅನೇಕರು ಈ ಪ್ರಶ್ನೆಯನ್ನೇ ಎತ್ತುವುದಿಲ್ಲ. ಹಿಮ್ಮೆಟ್ಟುವ ಜರ್ಮನ್ ಸೇನೆ ಮಾತ್ರ ಲ್ಯಾಪ್‌ಲೆಂಡನ್ನು ಸುಟ್ಟು ಹೋಯಿತು. ರೊವಾನಿಯೆಮಿ ಪಟ್ಟಣ ಬೂದಿಯಾಯಿತು.

ಫಿನ್ಲೆಂಡ್ ನೆಲವನ್ನು ಮತ್ತೆ ಕಳೆದುಕೊಂಡಿತು. 30 ಕೋಟಿ ಡಾಲರಿನ ಪರಿಹಾರವನ್ನು ಸರಕಿನ ರೂಪದಲ್ಲಿ 1952ರ ಹೊತ್ತಿಗೆ ತೀರಿಸಿತು. ಹೆಲ್ಸಿಂಕಿಯ ಸಮೀಪದ ಪೋರ್ಕಲವನ್ನು ರಷ್ಯಕ್ಕೆ ಗುತ್ತಿಗೆ ಕೊಟ್ಟಿತು. ಆದರೆ ಅದರ ರಾಜಧಾನಿಯನ್ನು ಯಾವ ಸೈನ್ಯವೂ ಆಕ್ರಮಿಸಲಿಲ್ಲ, ಸಂಸತ್ತು ಮುಚ್ಚಲಿಲ್ಲ.

ವಿಜಯಿಗಳು ಯುದ್ಧದ ಹೊಣೆಗಾರರ ವಿಚಾರಣೆಯಾಗಲೇಬೇಕೆಂದರು. ಫಿನ್ಲೆಂಡ್ ತಾನೇ ಪೂರ್ವಾನ್ವಯವಾಗುವ ಕಾಯಿದೆ ಮಾಡಿ, ತನ್ನ ನ್ಯಾಯಾಲಯದಲ್ಲಿ ತನ್ನ ನಾಯಕರನ್ನು ನಿಲ್ಲಿಸಿತು. 1946ರಲ್ಲಿ ರ್ಯೂತಿಗೆ ಹತ್ತು ವರ್ಷಗಳ ಸೆರೆ ವಿಧಿಸಲಾಯಿತು. ಅಧ್ಯಕ್ಷ ಪಾಸಿಕಿವಿ 1949ರಲ್ಲಿ ಕ್ಷಮಾದಾನ ನೀಡುವ ಹೊತ್ತಿಗೆ ಅವರ ಆರೋಗ್ಯ ಕೆಟ್ಟಿತ್ತು. ಅವರು ಸಾರ್ವಜನಿಕ ಜೀವನಕ್ಕೆ ಮರಳಲಿಲ್ಲ. 1956ರ ಜನವರಿಯಲ್ಲಿ ರಷ್ಯವು ಪೋರ್ಕಲವನ್ನು ಹಿಂತಿರುಗಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ರ್ಯೂತಿ ತೀರಿಕೊಂಡರು.