ಸುವಾರ್ತೆಗಳ ಐತಿಹಾಸಿಕ ಪ್ರಾಮಾಣ್ಯ: ಪಾಠಶೋಧನೆಯ ದೃಷ್ಟಿಯಿಂದ ಒಂದು ವಿವೇಚನೆ

ಕ್ರೈಸ್ತರ ನಾಲ್ಕು ಸುವಾರ್ತೆಗಳ ಹಸ್ತಪ್ರತಿಗಳು ಪರಸ್ಪರ ಹೊಂದುವುದಿಲ್ಲ, ಆದುದರಿಂದ ಅವುಗಳಲ್ಲಿ ಹೇಳಿದ ಯೇಸುವಿನ ಚರಿತ್ರೆಯೂ ನಂಬತಕ್ಕದ್ದಲ್ಲ ಎಂಬ ವಾದವನ್ನು ನಮ್ಮ ವಿದ್ವಜ್ಜನರೂ ಆಗಾಗ ಎತ್ತುವುದುಂಟು. ವಾದವೇನೋ ಹೊಸದಲ್ಲ. 1707ರಲ್ಲಿ ಆಕ್ಸ್‌ಫರ್ಡಿನ ಜಾನ್ ಮಿಲ್ ಎಂಬ ವಿದ್ವಾಂಸನು ಗ್ರೀಕ್ ಹೊಸ ಒಡಂಬಡಿಕೆಯ ಸಂಪಾದನೆಯೊಂದನ್ನು ಪ್ರಕಟಿಸಿ, ಸುಮಾರು 30,000 ಪಾಠಾಂತರಗಳನ್ನು ಅಡಿಯಲ್ಲಿ ನಮೂದಿಸಿದನು. ಶ್ರದ್ಧಾವಂತರು ಗಾಬರಿಗೊಂಡರು, ಸಂದೇಹವಾದಿಗಳಿಗೆ ಹಬ್ಬವಾಯಿತು. 1713ರಲ್ಲಿ ಆಂಟನಿ ಕಾಲಿನ್ಸ್ ಈ ಸಂಖ್ಯೆಯನ್ನೇ ಆಯುಧವನ್ನಾಗಿ ಹಿಡಿದಾಗ, ಅದೇ ವರ್ಷ ರಿಚರ್ಡ್ ಬೆಂಟ್ಲಿ ಕೊಟ್ಟ ಉತ್ತರ ಗ್ರಂಥಸಂಪಾದಕರೆಲ್ಲ ನೆನೆಯತಕ್ಕದ್ದು. ಪ್ರತಿಗಳು ಹೆಚ್ಚಿದಂತೆ ಪಾಠಾಂತರಗಳೂ ಹೆಚ್ಚುವುದು ಸಹಜ. ಒಂದೇ ಪ್ರತಿ ಉಳಿದ ಗ್ರಂಥಕ್ಕೆ ಪಾಠಾಂತರವೇ ಇರದು, ಆದರೆ ಅದರ ದೋಷಗಳಿಗೆ ಪರಿಹಾರವೂ ಇರದು ಎಂಬುದು ಅವನ ಸಮಾಧಾನದ ಸಾರ. ಏಕೈಕ ಓಲೆಯ ಪ್ರತಿಯನ್ನು ಮುಂದಿಟ್ಟುಕೊಂಡು ಶಿಥಿಲಾಕ್ಷರಗಳೊಡನೆ ಹೆಣಗಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಲ್ಲಿ ಎರಡು ಪ್ರಶ್ನೆಗಳು ಬೆರೆತುಹೋಗಿವೆ. ಗ್ರಂಥಕಾರನು ಬರೆದದ್ದು ನಮಗೆ ಯಥಾವತ್ತಾಗಿ ತಲಪಿದೆಯೇ ಎಂಬುದು ಪಾಠದ ಪ್ರಶ್ನೆ. ಅವನು ಬರೆದದ್ದು ನಡೆದ ಸಂಗತಿಯೇ ಎಂಬುದು ವೃತ್ತದ ಪ್ರಶ್ನೆ. ಮೊದಲನೆಯದಕ್ಕೆ ಹಸ್ತಪ್ರತಿಗಳು ಸಾಕ್ಷ್ಯ ನುಡಿಯುತ್ತವೆ. ಎರಡನೆಯದರಲ್ಲಿ ಅವು ಬಹುಮಟ್ಟಿಗೆ ಮೌನ. ಸುವಾರ್ತೆಗಳ ವಿಷಯದಲ್ಲಿ ಬಲವಾದ ಸಂದೇಹಗಳಿರುವುದು ಎರಡನೆಯದರಲ್ಲಿ. ನಮ್ಮವರು ಎತ್ತುವ ಆಕ್ಷೇಪಗಳು ಮಾತ್ರ ಸಾಮಾನ್ಯವಾಗಿ ಮೊದಲನೆಯದನ್ನೇ ಕುರಿತವು.

ಮೊದಲು ಪ್ರತಿಗಳ ಸ್ಥಿತಿಯನ್ನು ನೋಡಬಹುದು. ಹೊಸ ಒಡಂಬಡಿಕೆಯ ಗ್ರೀಕ್ ಪ್ರತಿಗಳೆಂದು ಪಟ್ಟಿಗೆ ಸೇರಿದವು 5,000ಕ್ಕೂ ಹೆಚ್ಚು. ಅವುಗಳಲ್ಲಿ ಬಹುಪಾಲು ಮಧ್ಯಯುಗದವು. ಚರ್ಮಪತ್ರದ ಮೇಲೆ ಬರೆದ ವ್ಯಾಟಿಕನ್ ಪ್ರತಿಯೂ ಸೀನಾಯ್ ಪ್ರತಿಯೂ ಕ್ರಿ.ಶ. 4ನೆಯ ಶತಮಾನಕ್ಕೆ ಸೇರುತ್ತವೆ. ಅದಕ್ಕೂ ಹಿಂದಿನವು ಈಜಿಪ್ಟಿನ ಮರಳಿನಲ್ಲಿ ದೊರೆತ ಪಪೈರಸ್ ತುಣುಕುಗಳು. ಮ್ಯಾಂಚೆಸ್ಟರಿನ ರೈಲೆಂಡ್ಸ್ ಗ್ರಂಥಾಲಯದಲ್ಲಿರುವ, 1935ರಲ್ಲಿ ಪ್ರಕಟವಾದ ಯೋಹಾನನ ಸುವಾರ್ತೆಯ ಅಂಗೈಯಗಲದ ಚೂರನ್ನು 2ನೆಯ ಶತಮಾನದ ಪೂರ್ವಾರ್ಧದ್ದೆಂದು ಬಹುಕಾಲ ನಿಸ್ಸಂಕೋಚವಾಗಿ ಹೇಳುತ್ತಿದ್ದರು. ಆದರೆ ಆ ಬರಹದ ರೀತಿ 2ನೆಯ ಶತಮಾನದ ಕೊನೆಗೂ 3ನೆಯದರ ಆದಿಗೂ ಹೊಂದಬಹುದೆಂದು 2005ರಲ್ಲಿ ಬ್ರೆಂಟ್ ನೋಂಗ್ಬ್ರಿ ತೋರಿಸಿದ ಮೇಲೆ ಆ ನಿಶ್ಚಯ ಸಡಿಲಿತು. ಮಾರ್ಕನ ಸುವಾರ್ತೆಯ 1ನೆಯ ಶತಮಾನದ ತುಣುಕು ಸಿಕ್ಕಿದೆಯೆಂದು 2012ರಲ್ಲಿ ದೊಡ್ಡ ಸುದ್ದಿಯಾಯಿತು. ಆಕ್ಸಿರಿಂಕಸ್ ಪಪೈರಸ್ ಮಾಲೆಯಲ್ಲಿ 5345ನೆಯ ಸಂಖ್ಯೆಯಾಗಿ 2018ರಲ್ಲಿ ಅದು ಅಚ್ಚಾದಾಗ, ಸಂಪಾದಕರು ನಿರ್ಧರಿಸಿದ ಕಾಲ 2ನೆಯ ಶತಮಾನದ ಅಂತ್ಯ ಅಥವಾ 3ನೆಯದರ ಆದಿ. ಲಿಪಿಯ ಮೋಡಿಯೊಂದನ್ನೇ ನಂಬಿ ಕಾಲ ಹೇಳುವಾಗ ಐವತ್ತು ವರ್ಷ ಆಚೀಚೆ ಆಗುವುದು ನಮ್ಮ ತಾಳೆಗರಿಗಳಿಗೂ ತಪ್ಪಿದ್ದಲ್ಲ. ಪ್ರತಿ ಪ್ರಾಚೀನವಾದಷ್ಟೂ ತನ್ನ ಪಕ್ಷಕ್ಕೆ ಬಲ ಎಂದು ಬಯಸುವವನು ಕಾಲ ನಿರ್ಣಯಿಸತೊಡಗಿದರೆ ಆಗುವ ಪ್ರಮಾದ ಇದು.

ಪಾಠಾಂತರಗಳಲ್ಲಿ ಅಧಿಕಾಂಶ ಕಾಗುಣಿತ, ಪದಕ್ರಮ, ಪುನರುಕ್ತಿಗಳಿಗೆ ಸಂಬಂಧಿಸಿದವು. ಕೆಲವು ಮಾತ್ರ ತತ್ತ್ವವನ್ನೇ ಮುಟ್ಟುತ್ತವೆ. ಅಂಥದೊಂದು ನಮ್ಮ ಪಂಡಿತರ ಕುತೂಹಲಕ್ಕೆ ವಿಶೇಷವಾಗಿ ತಕ್ಕುದು, ಏಕೆಂದರೆ ಅದು ಸರ್ವಜ್ಞತ್ವದ ಪ್ರಶ್ನೆ. ಮತ್ತಾಯನ ಸುವಾರ್ತೆಯ 24ನೆಯ ಅಧ್ಯಾಯದ 36ನೆಯ ವಚನದಲ್ಲಿ, ಅಂತ್ಯದ ದಿನವನ್ನು ತಂದೆಯೊಬ್ಬನೇ ಬಲ್ಲನು, ದೇವದೂತರು ಅರಿಯರು, ಮಗನೂ ಅರಿಯನು ಎಂಬ ಅಭಿಪ್ರಾಯದ ಮಾತು ಬರುತ್ತದೆ. ಮಗನಿಗೂ ತಿಳಿಯದು ಎಂಬ ಅಂಶ ವ್ಯಾಟಿಕನ್ ಪ್ರತಿಯಲ್ಲಿದೆ. ಉತ್ತರಕಾಲದ ಬಹುಸಂಖ್ಯಾತ ಪ್ರತಿಗಳಲ್ಲಿ ಇಲ್ಲ. ಸೀನಾಯ್ ಪ್ರತಿಯ ಮೂಲ ಲಿಪಿಕಾರ ಅದನ್ನು ಬರೆದಿದ್ದಾನೆ, ಒಬ್ಬ ತಿದ್ದುಗಾರ ತೆಗೆದುಹಾಕಿದ್ದಾನೆ, ಇನ್ನೊಬ್ಬನು ಮರಳಿ ಸೇರಿಸಿದ್ದಾನೆ. ಒಂದೇ ಪುಟದಲ್ಲಿ ಮೂರು ಕೈಗಳ ವಾದ! ಮಗನನ್ನು ಸಾಕ್ಷಾತ್ ದೇವರೆಂದು ನಂಬಿದ ಪ್ರತಿಕಾರನಿಗೆ ಅವನ ಅಜ್ಞಾನವನ್ನು ಹೇಳುವ ಪದ ಕಂಟಕವಾಗಿ ತೋರಿದ್ದರೆ ಆಶ್ಚರ್ಯವಿಲ್ಲ. ಮಾರ್ಕನ ಸಮಾನ ವಚನದಲ್ಲಿ ಆ ಪದ ಉಳಿದುಕೊಂಡಿರುವುದರಿಂದ ಪ್ರಾಚೀನ ಪಾಠ ಯಾವುದೆಂದು ಊಹಿಸುವುದು ಕಷ್ಟವಲ್ಲ. ಕಠಿಣ ಪಾಠವೇ ಮೂಲಕ್ಕೆ ಸಮೀಪ ಎಂದು 18ನೆಯ ಶತಮಾನದಲ್ಲಿ ಬೆಂಗೆಲ್ ಹಾಕಿಕೊಟ್ಟ ಸೂತ್ರಕ್ಕೆ ಇದು ಒಳ್ಳೆಯ ಉದಾಹರಣೆ.

ಇದನ್ನೋದುವಾಗ ಷಟ್ಖಂಡಾಗಮದ ಸತ್ಪ್ರರೂಪಣೆಯ 93ನೆಯ ಸೂತ್ರ ಮನಸ್ಸಿಗೆ ಬಾರದಿರದು. ಕಾಗದದ ನಕಲುಗಳಲ್ಲಿ ಕಾಣದಿದ್ದ ‘ಸಂಜದ’ ಎಂಬ ಪದ ಅಲ್ಲಿ ಇರಬೇಕೆಂದು ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಲ್ಲಿ ಹೊರಬಂದ ಧವಲಾ ಮೊದಲ ಸಂಪುಟದ ಅಡಿಟಿಪ್ಪಣಿ ಸೂಚಿಸಿತು. ಮನುಷ್ಯಿಣಿಗೆ ಸಂಯತ ಗುಣಸ್ಥಾನ ಹೇಳುವ ಆ ಒಂದು ಪದದ ಸುತ್ತ ಎದ್ದ ವಾದವಿವಾದ ಈ ಪತ್ರಿಕೆಯ ವಾಚಕರಿಗೆ ವಿದಿತವೇ. ಕೊನೆಗೆ ಮೂಡಬಿದಿರೆಯ ತಾಡಪತ್ರಗಳನ್ನು ನೋಡಿದಾಗ ಪದ ಅಲ್ಲಿದ್ದಿತು. ಪದವಿದೆಯೇ ಎಂಬುದನ್ನು ಓಲೆ ನಿರ್ಣಯಿಸಿತು. ಅದು ಭಾವಸ್ತ್ರೀಯನ್ನು ಹೇಳುವುದೋ ದ್ರವ್ಯಸ್ತ್ರೀಯನ್ನೋ ಎಂಬುದನ್ನು ಓಲೆ ನಿರ್ಣಯಿಸಲಿಲ್ಲ, ನಿರ್ಣಯಿಸಲಾರದು.

ಸುವಾರ್ತೆಗಳ ಪಾಠಸಮಸ್ಯೆಗಳಲ್ಲಿ ಅತ್ಯಂತ ಗಹನವಾದದ್ದು ಮಾರ್ಕನ ಮುಕ್ತಾಯ. ಪ್ರಚಲಿತ ಗ್ರಂಥದಲ್ಲಿ 16ನೆಯ ಅಧ್ಯಾಯಕ್ಕೆ 20 ವಚನಗಳಿವೆ. ವ್ಯಾಟಿಕನ್, ಸೀನಾಯ್ ಪ್ರತಿಗಳೆರಡೂ 8ನೆಯ ವಚನದಲ್ಲೇ ನಿಲ್ಲುತ್ತವೆ. ಸ್ತ್ರೀಯರು ಬರಿದಾದ ಸಮಾಧಿಯನ್ನು ಕಂಡು, ಭೀತರಾಗಿ ಓಡಿಹೋಗಿ, ಯಾರಿಗೂ ಏನೂ ಹೇಳಲಿಲ್ಲ ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಪುನರುತ್ಥಾನದ ಸೂಚನೆಯಿದೆ, ಎದ್ದುಬಂದ ಯೇಸುವಿನ ದರ್ಶನ ಯಾರಿಗೂ ಆಗುವುದಿಲ್ಲ. 1892ರಲ್ಲಿ ಆಗ್ನೆಸ್ ಸ್ಮಿತ್ ಲೂಯಿಸ್ ಎಂಬ ವಿದುಷಿ ಸೀನಾಯ್ ಮಠದಲ್ಲಿ ಪತ್ತೆಹಚ್ಚಿದ ಪ್ರಾಚೀನ ಸಿರಿಯಾಕ್ ಅನುವಾದವೂ ಅಲ್ಲಿಗೇ ನಿಲ್ಲುತ್ತದೆ. ಆ ಪ್ರತಿಯ ಅಕ್ಷರಗಳನ್ನು ಕೆರೆದು, ಮೇಲೆ ಸಂತಸ್ತ್ರೀಯರ ಚರಿತ್ರೆಗಳನ್ನು ಬರೆದಿದ್ದರು; ಕೆಳಗಿನ ಮಸುಕು ಬರಹವನ್ನು ಬಿಡಿಸಿದ ಆಕೆಯ ತಾಳ್ಮೆ ಅಸಾಧಾರಣ. 4ನೆಯ ಶತಮಾನದ ಯುಸೇಬಿಯಸನೂ, ಅವನ ತರುವಾಯ ಜೆರೋಮನೂ, ಮುಂದಿನ ವಚನಗಳು ಬಹುತೇಕ ಗ್ರೀಕ್ ಪ್ರತಿಗಳಲ್ಲಿ ಇಲ್ಲವೆಂದು ತಿಳಿಸುತ್ತಾರೆ. ಲ್ಯಾಟಿನ್ನಿನ ಒಂದು ಹಳೆಯ ಪ್ರತಿಯಲ್ಲಿ ಬೇರೊಂದು ಚಿಕ್ಕ ಸಮಾಪ್ತಿಯಿದೆ. ಈಗ ವಾಷಿಂಗ್ಟನ್ನಿನಲ್ಲಿರುವ ಪ್ರತಿಯಲ್ಲಿ ದೀರ್ಘ ಸಮಾಪ್ತಿಯ ನಡುವೆ ಬೇರೆಲ್ಲೂ ಕಾಣದ ಸಂವಾದವೊಂದು ಸೇರಿಕೊಂಡಿದೆ. ಆದರೂ ದೀರ್ಘ ಸಮಾಪ್ತಿ ಅರ್ವಾಚೀನವೆಂದು ತಳ್ಳುವಂತಿಲ್ಲ, ಕ್ರಿ.ಶ. 180ರ ಸುಮಾರಿನ ಐರಿನೇಯಸನಿಗೆ ಅದು ಗೊತ್ತಿತ್ತು. ಪ್ರಕ್ಷೇಪ ಪ್ರಾಚೀನವಾಗಿರಬಹುದು, ಪ್ರಾಚೀನವಾದ ಮಾತ್ರಕ್ಕೆ ಅದು ಮೂಲವಾಗುವುದಿಲ್ಲ.

ಮಾರ್ಕನು ಅಲ್ಲಿಗೇ ಮುಗಿಸಿದನೋ, ಕಡೆಯ ಪತ್ರ ಕಳೆದುಹೋಯಿತೋ? ಕಟ್ಟಿನ ಮೇಲಿನ ಗರಿಯೂ ಕೆಳಗಿನ ಗರಿಯೂ ಮೊದಲು ನಶಿಸುವುದನ್ನು ಕಂಡಿರುವ ನಮಗೆ ಎರಡನೆಯ ಪಕ್ಷ ಆಕರ್ಷಕವಾಗಿ ತೋರುತ್ತದೆ. ಆದರೆ ಇಂದು ವಿದ್ವಾಂಸರಲ್ಲಿ ಅನೇಕರು ಮೊದಲನೆಯ ಪಕ್ಷದವರು. ಏನೇ ಇರಲಿ, ಸಂದೇಹವಾದಿಯ ಪ್ರಬಲ ಹೇತು ಇಲ್ಲಿಂದಲೇ ಹುಟ್ಟುತ್ತದೆ. ಮಾರ್ಕನ ಕಥನ ಇರುವವರೆಗೆ ಮತ್ತಾಯನೂ ಲೂಕನೂ ಬಹುಮಟ್ಟಿಗೆ ಒಂದೇ ದಾರಿಯಲ್ಲಿ ನಡೆಯುತ್ತಾರೆ. ಅದು ನಿಂತ ಕೂಡಲೇ ಅಗಲುತ್ತಾರೆ. ಮತ್ತಾಯನಲ್ಲಿ ಯೇಸು ಶಿಷ್ಯರಿಗೆ ಕಾಣಿಸಿಕೊಳ್ಳುವುದು ಗಲಿಲಾಯದ ಬೆಟ್ಟದ ಮೇಲೆ. ಲೂಕನಲ್ಲಿ ಯೆರೂಸಲೇಮಿನಲ್ಲಿ, ನಗರವನ್ನು ಬಿಟ್ಟುಹೋಗಬಾರದೆಂಬ ಆಜ್ಞೆಯೊಡನೆ. ಪುನರುತ್ಥಾನ ಕಥನಗಳ ಇಂಥ ವಿರೋಧಗಳನ್ನು ಹ್ಯಾಂಬರ್ಗಿನ ರೈಮಾರುಸ್ ಗುಪ್ತವಾಗಿ ಬರೆದಿಟ್ಟು 1768ರಲ್ಲಿ ತೀರಿಕೊಂಡನು. ಅವನ ಹೆಸರನ್ನು ಮರೆಮಾಡಿ ಲೆಸಿಂಗ್ ಆ ಬರಹದ ಭಾಗಗಳನ್ನು 1774ರಿಂದ 1778ರ ನಡುವೆ ಪ್ರಕಟಿಸಿದನು.

ಇಲ್ಲಿಂದ ಮುಂದೆ ನಾವು ಎರಡನೆಯ ಪ್ರಶ್ನೆಯ ಸೀಮೆಯಲ್ಲಿದ್ದೇವೆ. ಮಾರ್ಕನ 661 ವಚನಗಳಲ್ಲಿ ಸುಮಾರು 600ರ ವಿಷಯ ಮತ್ತಾಯನಲ್ಲಿ, ಅನೇಕ ಕಡೆ ಅದೇ ಗ್ರೀಕ್ ಪದಗಳಲ್ಲಿ, ಕಾಣುತ್ತದೆ. ಸಂಪ್ರದಾಯದಂತೆ ಮತ್ತಾಯನು ಯೇಸುವಿನ ಸಾಕ್ಷಾತ್ ಶಿಷ್ಯ. ಮಾರ್ಕನು ಪೇತ್ರನಿಂದ ಕೇಳಿ ಬರೆದವನು. ಕಂಡವನು ಕೇಳಿದವನನ್ನು ಅನುಸರಿಸುವನೇ? ಸುಂಕದ ಕಟ್ಟೆಯಲ್ಲಿ ಕುಳಿತವನನ್ನು ಯೇಸು ಕರೆದ ಪ್ರಸಂಗವನ್ನು ನೋಡಿರಿ. ಮಾರ್ಕನಲ್ಲಿ ಅವನ ಹೆಸರು ಲೇವಿ. ಮತ್ತಾಯನ ಗ್ರಂಥದಲ್ಲಿ ಮತ್ತಾಯ. ತನ್ನ ಜೀವನವನ್ನೇ ತಿರುಗಿಸಿದ ಗಳಿಗೆಯನ್ನು ಕೂಡ ಗ್ರಂಥಕಾರ ಇನ್ನೊಬ್ಬನ ವಾಕ್ಯಗಳಲ್ಲಿ, ಪ್ರಥಮಪುರುಷದಲ್ಲಿ, ಹೆಸರನ್ನಷ್ಟೇ ಬದಲಿಸಿ ಹೇಳುತ್ತಾನೆಂದರೆ ಅವನು ಆ ಮತ್ತಾಯನೇ ಎಂದು ನಂಬುವುದು ನನಗಂತೂ ಕಷ್ಟ. ನಾಲ್ಕು ಗ್ರಂಥಗಳ ಒಳಗೆ ಎಲ್ಲಿಯೂ ಕರ್ತೃವಿನ ಹೆಸರಿಲ್ಲ. ನಾಲ್ವರನ್ನೂ ಒಟ್ಟಿಗೆ ಹೆಸರಿಸುವ ಮೊದಲ ಬರಹಗಾರ ಮೇಲೆ ಹೇಳಿದ ಐರಿನೇಯಸನೇ.

ಕಾಲನಿರ್ದೇಶದ ತೊಡಕು ಇನ್ನೂ ಸ್ಪಷ್ಟ. ಹೆರೋದ ರಾಜನು ಜೀವಿಸಿದ್ದಾಗ ಯೇಸು ಹುಟ್ಟಿದನೆಂದು ಮತ್ತಾಯ ಹೇಳುತ್ತಾನೆ. ಹೆರೋದನ ಮರಣ ಸಾಮಾನ್ಯವಾಗಿ ಕ್ರಿ.ಪೂ. 4 ಎಂದು ಎಣಿಸಲ್ಪಟ್ಟಿದೆ. ಕುರೇನ್ಯನು ಸಿರಿಯದ ಅಧಿಪತಿಯಾಗಿದ್ದಾಗ ನಡೆದ ಜನಗಣತಿಗೆ ಲೂಕನು ಜನ್ಮವನ್ನು ಜೋಡಿಸುತ್ತಾನೆ. ಯೆಹೂದಿ ಇತಿಹಾಸಕಾರ ಜೋಸೆಫಸನ ಪ್ರಕಾರ ಆ ಗಣತಿ ಹೆರೋದನ ಮಗ ಪದಚ್ಯುತನಾದ ಮೇಲೆ, ಕ್ರಿ.ಶ. 6ರಲ್ಲಿ. ಹತ್ತು ವರ್ಷಗಳ ಅಂತರ. ಮರಣದ ದಿನದಲ್ಲಿಯೂ ಭೇದವಿದೆ: ಮೊದಲ ಮೂವರಲ್ಲಿ ಪಸ್ಕದ ಭೋಜನವಾದ ಮೇಲೆ, ಯೋಹಾನನಲ್ಲಿ ಅದಕ್ಕೆ ಮುಂಚೆ, ಸಿದ್ಧತೆಯ ದಿನದಲ್ಲಿ. ಸ್ಯಾದ್ವಾದದ ನೆರವಿನಿಂದ ಇವೆಲ್ಲವನ್ನೂ ಸಮನ್ವಯಗೊಳಿಸಬಹುದೆಂದು ಸೌಜನ್ಯಶಾಲಿಗಳು ಹೇಳುವುದನ್ನು ಕೇಳಿದ್ದೇನೆ. ನಯಭೇದದಿಂದ ತಿಥಿಭೇದ ಹುಟ್ಟುವುದಿಲ್ಲ.

ಈ ವಿಮರ್ಶೆಯನ್ನು ಶಾಸ್ತ್ರವನ್ನಾಗಿ ಮಾಡಿದವನು ಡೇವಿಡ್ ಸ್ಟ್ರೌಸ್. 1835ರಲ್ಲಿ ಹೊರಬಂದ ಅವನ ಯೇಸುಚರಿತ್ರೆಯ ವಿಮರ್ಶೆ, ಸುವಾರ್ತೆಗಳ ಅದ್ಭುತಗಳು ವಂಚನೆಯೂ ಅಲ್ಲ, ತಪ್ಪಾಗಿ ತಿಳಿದ ನೈಸರ್ಗಿಕ ಘಟನೆಗಳೂ ಅಲ್ಲ, ಸಮುದಾಯದ ನಿರೀಕ್ಷೆ ಹೆಣೆದ ಪುರಾಣ ಎಂದು ಪ್ರತಿಪಾದಿಸಿತು. ಟ್ಯೂಬಿಂಗೆನ್ನಿನಲ್ಲಿ ಅವನಿಗಿದ್ದ ಅಧ್ಯಾಪನವೃತ್ತಿ ಅದರಿಂದ ಹೋಯಿತು. ಸ್ಟ್ರೌಸನ ಪಾಠಗಳನ್ನು ಕೇಳಿ ಕೆಲಕಾಲ ಅವನ ಪ್ರಭಾವಕ್ಕೆ ಒಳಗಾಗಿದ್ದ ಹೆರ್ಮನ್ ಗುಂಡರ್ಟ್, ಮರಳಿ ಶ್ರದ್ಧೆಗೆ ಬಂದು, 1838ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನನ್ನು ಸೇರಿದನು. ನಮ್ಮ ಕರಾವಳಿಗೆ ಬಂದ ಮಿಶನರಿಗಳಿಗೆ ಈ ಸಂದೇಹಗಳು ಅಪರಿಚಿತವಾಗಿದ್ದವೆಂದು ಭಾವಿಸಬಾರದು.

ಸಂದೇಹಕ್ಕೂ ಮಿತಿಯಿದೆ. ಯೇಸುವೆಂಬ ವ್ಯಕ್ತಿಯೇ ಇರಲಿಲ್ಲವೆಂದು ಬ್ರೂನೋ ಬಾವರ್, ಆರ್ಥರ್ ಡ್ರೂಸ್ ಮೊದಲಾದವರು ವಾದಿಸಿದರು. ಈ ಪಕ್ಷವನ್ನು ನಾನು ಒಪ್ಪಲಾರೆ. ಸಂದೇಹಶೀಲ ಇತಿಹಾಸಕಾರರಲ್ಲಿಯೂ ಒಪ್ಪುವವರು ವಿರಳ. ಪಿಲಾತನ ಕಾಲದಲ್ಲಿ ಅವನಿಗೆ ಮರಣದಂಡನೆಯಾದುದನ್ನು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಹೇಳುತ್ತಾನೆ. ಅವನ ಸಹೋದರ ಯಾಕೋಬನ ವಧೆಯನ್ನು ಜೋಸೆಫಸ್ ದಾಖಲಿಸಿದ್ದಾನೆ. ಜೊತೆಗೆ, ಸ್ವಪಕ್ಷಕ್ಕೆ ಬಾಧಕವಾದ ಸಂಗತಿಗಳನ್ನು ಯಾರೂ ಕಲ್ಪಿಸುವುದಿಲ್ಲ. ಪಾಪಪರಿಹಾರಕ್ಕೆಂದು ಯೋಹಾನನು ಕೊಡುತ್ತಿದ್ದ ಸ್ನಾನವನ್ನು ಯೇಸುವೂ ಪಡೆದನೆಂದು ಮಾರ್ಕನು ನಿಸ್ಸಂಕೋಚವಾಗಿ ಬರೆದರೆ, ಮತ್ತಾಯನು ಯೋಹಾನನಿಂದಲೇ ಆಕ್ಷೇಪವನ್ನಾಡಿಸಿ ಮುಜುಗರವನ್ನು ತಗ್ಗಿಸುತ್ತಾನೆ. ಕಠಿಣ ಪಾಠದ ಸೂತ್ರವೇ ಇಲ್ಲಿ ಕಠಿಣ ವೃತ್ತದ ಸೂತ್ರವಾಗಿದೆ.

ಇಷ್ಟು ಹೇಳಿದ ಮೇಲೆ ಇದೇ ಕೋಲಿನಿಂದ ನಮ್ಮದನ್ನೂ ಅಳೆಯಬೇಕಾಗುತ್ತದೆ. ಯೇಸುವಿನ ಮರಣಕ್ಕೂ ಮಾರ್ಕನ ಗ್ರಂಥಕ್ಕೂ ನಡುವೆ ಇರುವ ಅಂತರ ಸುಮಾರು 40 ವರ್ಷ. ಯೋಹಾನನಿಗೆ 60, 70 ಇರಬಹುದು. ಈ ಅಂತರದಲ್ಲಿ ಕಥೆ ಬೆಳೆಯಿತೆಂದು ನಾವು ಹೇಳುವುದಾದರೆ, ವೀರನಿರ್ವಾಣದಿಂದ ವಲಭಿಯ ಗ್ರಂಥಾರೋಹಣದವರೆಗಿನ ಅಂತರವನ್ನು ಕುರಿತು ಏನು ಹೇಳುತ್ತೇವೆ? ದಿಗಂಬರ ಪರಂಪರೆ ಇಲ್ಲಿ ಹೆಚ್ಚು ನಿಷ್ಠುರವಾಗಿ, 683 ವರ್ಷಗಳಲ್ಲಿ ಅಂಗಜ್ಞಾನ ವಿಚ್ಛಿನ್ನವಾಯಿತೆಂದು ಒಪ್ಪಿಕೊಂಡಿದೆ. ಆದರೆ ತಿಲೋಯಪಣ್ಣತ್ತಿ, ಧವಲಾಗಳ ಎಣಿಕೆಯಲ್ಲಿ ಆ 683 ವರ್ಷಗಳು ತುಂಬಿದ ಮೇಲೆ ಬರಬೇಕಾದ ಧರಸೇನಾಚಾರ್ಯರು ನಂದಿಸಂಘದ ಪ್ರಾಕೃತ ಪಟ್ಟಾವಳಿಯಲ್ಲಿ ಅವುಗಳೊಳಗೇ ಸೇರಿದ್ದಾರೆ. ಮತ್ತಾಯ, ಲೂಕರ ವಂಶಾವಳಿಗಳಲ್ಲಿ ಯೋಸೇಫನ ತಂದೆಯ ಹೆಸರೇ ಬೇರೆಬೇರೆಯಾಗಿರುವುದನ್ನು ನೋಡಿ ನಗುವ ಮೊದಲು ಇದನ್ನು ನೆನೆಯಬೇಕು.

ಆದರೂ ಒಂದು ವಿಷಯದಲ್ಲಿ ನಮ್ಮ ಲಿಪಿಕಾರರ ನಡೆಯನ್ನು ಮೆಚ್ಚದಿರಲಾಗದು. ಯಾಕೋಬಿ 1879ರಲ್ಲಿ ಸಂಪಾದಿಸಿದ ಕಲ್ಪಸೂತ್ರದಲ್ಲಿ, ಮಹಾವೀರಚರಿತ್ರೆಯ ಕೊನೆಗೆ, ನಿರ್ವಾಣದಿಂದ 980 ವರ್ಷ ಕಳೆದವೆಂದು ಹೇಳಿ, ಬೇರೊಂದು ವಾಚನೆಯಂತೆ 993 ಎಂದೂ ಮೂಲದೊಳಗೇ ಸೇರಿಸಿದೆ. ವ್ಯಾಖ್ಯಾನಕಾರರು ಒಂದನ್ನು ವಲಭಿಯ ಲೇಖನಕ್ಕೂ ಇನ್ನೊಂದನ್ನು ಆನಂದಪುರದ ಸಭಾವಾಚನಕ್ಕೂ ಹೊಂದಿಸಲು ಯತ್ನಿಸಿದ್ದಾರೆ. ಪ್ರತಿಕಾರರು ಮಾತ್ರ ಎರಡರಲ್ಲಿ ಒಂದನ್ನು ಅಳಿಸಲಿಲ್ಲ. ವ್ಯಾಟಿಕನ್ ಪ್ರತಿಯಲ್ಲಿಯೂ ಇದಕ್ಕೆ ಹೋಲುವುದೊಂದಿದೆ. ಪುಟಕ್ಕೆ ಮೂರು ಅಂಕಣಗಳಂತೆ ಬರೆಯುತ್ತ, ಒಂದು ಗ್ರಂಥ ಮುಗಿದರೆ ಮುಂದಿನ ಅಂಕಣದಲ್ಲೇ ಇನ್ನೊಂದನ್ನು ಆರಂಭಿಸುವುದು ಆ ಲಿಪಿಕಾರನ ವಾಡಿಕೆ. ಮಾರ್ಕನ 8ನೆಯ ವಚನ ಎರಡನೆಯ ಅಂಕಣದಲ್ಲಿ ಮುಗಿದಾಗ ಮಾತ್ರ ಅವನು ಮೂರನೆಯ ಅಂಕಣವನ್ನು ಬರಿದಾಗಿ ಬಿಟ್ಟು, ಲೂಕನನ್ನು ಹೊಸ ಪುಟದಲ್ಲಿ ತೊಡಗಿದ್ದಾನೆ.